ಮಾತೀಸನ ಕತ್ತರಿ

ಫ್ರಾನ್ಸಿನ ಚಿತ್ರಕಾರ ಆನ್ರಿ ಮಾತೀಸನ ಹೆಸರನ್ನು ಬಲ್ಲವರೆಲ್ಲ ಅವನ ವಿಷಯವಾಗಿ ಒಂದು ಕಥೆಯನ್ನೂ ಬಲ್ಲರು. ಮುಪ್ಪಿನಲ್ಲಿ ಅವನಿಗೆ ಮಾರಕವಾದ ರೋಗ ಬಂದಿತು. ವೈದ್ಯರು ಹೊಟ್ಟೆಯನ್ನು ಕೊಯ್ದು ಜೀವ ಉಳಿಸಿದರು. ನಿಂತು ಚಿತ್ರ ಬರೆಯುವ ಶಕ್ತಿ ಹೋಯಿತು. ಆಗ ಅವನು ಕುಂಚವನ್ನು ಬಿಟ್ಟು, ಹಾಸಿಗೆಯಲ್ಲಿ ಒರಗಿ ಕುಳಿತು, ಕತ್ತರಿಯಿಂದ ಬಣ್ಣದ ಕಾಗದಗಳನ್ನು ಕತ್ತರಿಸಿ ಚಿತ್ರ ಮಾಡಿದನು. ಕಥೆ ಸೊಗಸಾಗಿದೆ, ತರಗತಿಯಲ್ಲಿ ಹೇಳಿದರೆ ಹುಡುಗರು ಕಿವಿಗೊಟ್ಟು ಕೇಳುತ್ತಾರೆ, ಬಹುಮಟ್ಟಿಗೆ ನಿಜವೂ ಹೌದು. ಆದರೆ ಅವನ ಬಾಳನ್ನು ಓದಿದಷ್ಟೂ ಈ ಕಥೆಯಲ್ಲಿ ಮುಖ್ಯವಾದುದೇ ಬಿಟ್ಟುಹೋಗಿದೆಯೆಂದು ನನಗೆ ತೋರುತ್ತ ಬಂದಿದೆ. ಕತ್ತರಿ ರೋಗದ ಕೊಡುಗೆಯಲ್ಲ. ರೋಗ ಬರುವುದಕ್ಕೆ ಹತ್ತು ವರ್ಷ ಮೊದಲೇ ಅದು ಅವನ ಕೈಯಲ್ಲಿತ್ತು. ಆದರೆ ಆಗ ಅದು ಚಿತ್ರಕಾರನ ಮನೆಯಲ್ಲಿ ಆಳಾಗಿತ್ತು. ವಿನ್ಯಾಸದ ಕೆಲಸಕ್ಕೆ, ಅಲಂಕರಣದ ಕೆಲಸಕ್ಕೆ ಕರೆದಾಗ ಬಂದು, ಕೆಲಸ ಮುಗಿದೊಡನೆ ಹಿತ್ತಲಿಗೆ ಸರಿಯುತ್ತಿತ್ತು. ಅದನ್ನು ನಡುಮನೆಗೆ ಕರೆತಂದು ಕೂರಿಸಿದ ಬಗೆಯಲ್ಲಿ ಮಾತೀಸನ ಕೊನೆಯ ಹದಿಮೂರು ವರ್ಷಗಳ ಹಿರಿಮೆ ಇದೆ.

ಅವನು ಹುಟ್ಟಿದುದು 1869ರ ಡಿಸೆಂಬರ್ 31ರಂದು, ಫ್ರಾನ್ಸಿನ ಉತ್ತರದಲ್ಲಿರುವ ಲ ಕಾತೋ ಎಂಬ ಊರಿನಲ್ಲಿ; ಬೆಳೆದುದು ಅಲ್ಲಿಗೆ ಸಮೀಪದ ಬೊಆಂ ಎಂಬ ನೇಕಾರರ ಪಟ್ಟಣದಲ್ಲಿ. ತಂದೆ ಧಾನ್ಯ ಮತ್ತು ಬಿತ್ತನೆಯ ಬೀಜಗಳ ವ್ಯಾಪಾರಿ. ತಾಯಿ ಬಣ್ಣಗಳನ್ನು ಮಾರುತ್ತಿದ್ದಳು. ಪಿಂಗಾಣಿಯ ಮೇಲೆ ಚಿತ್ರ ಬರೆಯುವುದೂ ಆಕೆಗೆ ತಿಳಿದಿತ್ತು. ಸುತ್ತಲೂ ಬೀಟ್ ಗೆಡ್ಡೆಯ ಹೊಲಗಳು, ಸಕ್ಕರೆ ಕಾರ್ಖಾನೆಗಳು, ಮಬ್ಬು ಕವಿದ ಆಕಾಶ. ಆ ಊರಿನಲ್ಲಿ ಕಣ್ಣಿಗೆ ಬಣ್ಣ ಬೀಳುತ್ತಿದ್ದುದು ಮಗ್ಗಗಳ ಮೇಲೆ, ಪ್ಯಾರಿಸಿನ ಸಿರಿವಂತರಿಗಾಗಿ ನೇಯುತ್ತಿದ್ದ ರೇಷ್ಮೆಯಲ್ಲಿ. ಮಾತೀಸನ ಪೂರ್ವಿಕರಲ್ಲಿಯೂ ನೇಕಾರರಿದ್ದರು. ಮುಂದೆ ಎಲ್ಲಿ ಬಿಡಾರ ಹೂಡಿದರೂ ಬಟ್ಟೆಯ ತುಂಡುಗಳ ಗಂಟೊಂದನ್ನು ಅವನು ಜೊತೆಯಲ್ಲಿ ಒಯ್ಯುತ್ತಿದ್ದನು. ಅವನ ಚಿತ್ರಗಳಲ್ಲಿ ಗೋಡೆಯ ಮೇಲೂ ಮೇಜಿನ ಮೇಲೂ ಹಬ್ಬಿ ನಿಲ್ಲುವ ಹೂಬಳ್ಳಿಗಳೆಲ್ಲ ಆ ಗಂಟಿನಿಂದ ಬಂದವು.

ಇಂಥವನು ಮೊದಲು ಓದಿದುದು ಕಾನೂನು. 1887ರಲ್ಲಿ ಪ್ಯಾರಿಸಿಗೆ ಹೋಗಿ ಓದಿ, ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಸಾಂ-ಕಾಂತಾಂ ಎಂಬ ಪಟ್ಟಣದಲ್ಲಿ ವಕೀಲನೊಬ್ಬನ ಕಚೇರಿಯಲ್ಲಿ ಗುಮಾಸ್ತನಾದನು. ದಸ್ತಾವೇಜುಗಳ ಪುಟ ತುಂಬಿಸಲು ಲಾ ಫೊಂತೇನನ ನೀತಿಕಥೆಗಳನ್ನು ನಕಲು ಮಾಡಿಬಿಡುತ್ತಿದ್ದೆನೆಂದೂ, ಅದನ್ನು ಯಾರೂ ಓದುತ್ತಿರಲಿಲ್ಲವೆಂದೂ ಅವನೇ ಮುಂದೆ ಹೇಳಿಕೊಂಡಿದ್ದಾನೆ. ಕಚೇರಿಯ ಹೊತ್ತಿಗೆ ಮುಂಚೆ, ಬೆಳಗಿನ ಜಾವದಲ್ಲಿ, ಅವನು ಹೋಗುತ್ತಿದ್ದುದು ಒಂದು ರೇಖಾಚಿತ್ರದ ಶಾಲೆಗೆ. ಆ ಶಾಲೆ ಇದ್ದದ್ದು ಬಟ್ಟೆಯ ವಿನ್ಯಾಸಗಾರರನ್ನು ತಯಾರಿಸುವುದಕ್ಕಾಗಿ. ಆಧುನಿಕ ಚಿತ್ರಕಲೆಯ ಹಿರಿಯರಲ್ಲಿ ಒಬ್ಬನಾದವನು ಮೊದಲು ಗೆರೆ ಎಳೆಯಲು ಕಲಿತದ್ದು ಪರದೆ, ಹೊದಿಕೆಗಳ ನಮೂನೆ ಮಾಡುವವರ ಜೊತೆಯಲ್ಲಿ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಐವತ್ತು ವರ್ಷಗಳ ಮೇಲೆ ಅದರ ಕೆಲಸ ಬೀಳುತ್ತದೆ.

1890ರ ಸುಮಾರಿಗೆ, ಇಪ್ಪತ್ತರ ವಯಸ್ಸಿನಲ್ಲಿ, ಕರುಳಿನ ಬೇನೆ ಹಿಡಿದು ಅವನು ತಿಂಗಳುಗಟ್ಟಲೆ ಮಲಗಿದನು. ಹೊತ್ತು ಹೋಗಲೆಂದು ತಾಯಿ ಒಂದು ಬಣ್ಣದ ಪೆಟ್ಟಿಗೆ ತಂದುಕೊಟ್ಟಳು. ಪೆಟ್ಟಿಗೆ ಕೈಗೆ ಬಂದೊಡನೆ ತನ್ನ ಬದುಕು ಇದೇ ಎಂದು ಅವನಿಗೆ ಗೊತ್ತಾಗಿಹೋಯಿತಂತೆ. ತಂದೆಗೆ ಸಿಟ್ಟು ಬಂದಿತು, ಬಾರದೆ ಇರುತ್ತದೆಯೇ? ಕಾನೂನು ಓದಿಸಿದ ಯಾವ ತಂದೆಗೂ ಬರುತ್ತದೆ. 1891ರಲ್ಲಿ ಮಗ ಪ್ಯಾರಿಸಿಗೆ ಹೊರಟೇಬಿಟ್ಟನು. ಹೀಗೆ ಅವನನ್ನು ಚಿತ್ರಕಾರನನ್ನಾಗಿ ಮಾಡಿದುದೂ ಒಂದು ಕಾಯಿಲೆಯೇ.

ಅಲ್ಲಿಂದ ಮುಂದಿನ ಮೂವತ್ತು ವರ್ಷಗಳ ಚರಿತ್ರೆ ಎಲ್ಲ ಕಲಾಚರಿತ್ರೆಗಳಲ್ಲಿಯೂ ಇದೆ. ನಾನು ಅದನ್ನು ದಾಟಿಹೋಗುತ್ತೇನೆ. ಗ್ಯುಸ್ತಾವ್ ಮೊರೋನ ಶಿಷ್ಯತ್ವ. 1898ರಲ್ಲಿ ಅಮೇಲಿ ಪರೇರ್ ಎಂಬಾಕೆಯೊಡನೆ ಮದುವೆ. ಹೊಟ್ಟೆಗಿಲ್ಲದ ದಿನಗಳಲ್ಲಿಯೂ ಸೆಜಾನನ ಸಣ್ಣ ಚಿತ್ರವೊಂದನ್ನು ಕೊಂಡು ಮೂವತ್ತೇಳು ವರ್ಷ ಕಾಪಾಡಿ, 1936ರಲ್ಲಿ ಪ್ಯಾರಿಸ್ ನಗರದ ವಸ್ತುಸಂಗ್ರಹಾಲಯಕ್ಕೆ ದಾನವಾಗಿ ಕೊಟ್ಟದ್ದು. 1905ರ ಶರತ್ಕಾಲದ ಪ್ರದರ್ಶನದಲ್ಲಿ ಅವನ ಮತ್ತು ಅವನ ಗೆಳೆಯರ ಉರಿಯುವ ಬಣ್ಣಗಳನ್ನು ಕಂಡು ವಿಮರ್ಶಕನೊಬ್ಬ ಅವರನ್ನು ಕಾಡುಮೃಗಗಳೆಂದು ಕರೆದದ್ದು, ಆ ಬೈಗುಳವೇ ಪಂಥದ ಹೆಸರಾಗಿ ನಿಂತದ್ದು. ಮಾಸ್ಕೋದ ವರ್ತಕ ಶುಕಿನ್ ತನ್ನ ಮನೆಯ ಮೆಟ್ಟಿಲ ಸಾಲಿಗೆ ನೃತ್ಯ, ಸಂಗೀತ ಎಂಬ ಎರಡು ಭಾರಿ ಚಿತ್ರಗಳನ್ನು ಬರೆಸಿಕೊಂಡದ್ದು. 1917ರ ಮೇಲೆ ದಕ್ಷಿಣದ ಕಡಲ ತೀರದ ನೀಸ್ ನಗರದಲ್ಲಿ ನೆಲೆಸಿದ್ದು. ಇವುಗಳ ನಡುವೆ ಸಾಮಾನ್ಯವಾಗಿ ಕಣ್ಣಿಗೆ ಬೀಳದ ಒಂದು ಸಂಗತಿಯನ್ನು ಮಾತ್ರ ಎತ್ತಿ ಹೇಳುತ್ತೇನೆ. 1900ರ ಪ್ಯಾರಿಸ್ ಮಹಾಪ್ರದರ್ಶನಕ್ಕಾಗಿ ಕಟ್ಟಿದ ಗ್ರಾಂ ಪಲೆಯ ಗೋಡೆಗಳಿಗೆ, ದಿನಗೂಲಿಯ ಮೇಲೆ, ಎಲೆಗಳ ಮಾಲೆಯನ್ನು ಮಾರುಗಟ್ಟಲೆ ಬರೆದವರಲ್ಲಿ ಮಾತೀಸನೂ ಒಬ್ಬನು. ಎಲೆ, ಮತ್ತೆ ಎಲೆ, ಮತ್ತೆ ಎಲೆ. ಬೆನ್ನು ಬಾಗಿಸಿ ಮಾಡುವ ಆ ಕೆಲಸ ಅವನಿಗೆ ಹಿಡಿಸಿರಲಾರದು. ಆದರೆ ಕಣ್ಣು ಕಲಿತದ್ದನ್ನು ಬಿಡುವುದಿಲ್ಲ.

ಇನ್ನು ಕತ್ತರಿಯ ವಿಷಯ. 1930ರಲ್ಲಿ ಅಮೆರಿಕದ ಸಿರಿವಂತ ಸಂಗ್ರಾಹಕ ಡಾಕ್ಟರ್ ಬಾರ್ನ್ಸ್, ಫಿಲಡೆಲ್ಫಿಯಾ ಬಳಿಯ ಮೆರಿಯನ್ನಿನಲ್ಲಿದ್ದ ತನ್ನ ಚಿತ್ರಶಾಲೆಯ ಮೂರು ಕಮಾನುಗಳ ಗೋಡೆಗೆ ನೃತ್ಯದ ಚಿತ್ರವನ್ನು ಬರೆದುಕೊಡಲು ಕೇಳಿದನು. ಸುಮಾರು 45 ಅಡಿ ಉದ್ದದ ಚಿತ್ರ. ಅಷ್ಟು ವಿಸ್ತಾರದಲ್ಲಿ ಒಂದು ಆಕೃತಿಯನ್ನು ಗೇಣುದ್ದ ಸರಿಸಬೇಕಾದರೆ ಎಲ್ಲವನ್ನೂ ಒರೆಸಿ ಮತ್ತೆ ಬಳಿಯಬೇಕು. ಆಗ ಮಾತೀಸನು ಒಂದು ಉಪಾಯ ಹೂಡಿದನು. ಕಾಗದಗಳಿಗೆ ಬಣ್ಣ ಹಚ್ಚಿಸಿ, ಬೇಕಾದ ಆಕಾರಕ್ಕೆ ಕತ್ತರಿಸಿ, ಗುಂಡುಸೂಜಿಗಳಿಂದ ಕ್ಯಾನ್ವಾಸಿಗೆ ಚುಚ್ಚಿ, ಒಪ್ಪಿಗೆಯಾಗುವ ತನಕ ಅತ್ತಿತ್ತ ಸರಿಸುತ್ತ ಹೋದನು. ಕೆಲಸ ಬಹುದೂರ ಸಾಗಿದ ಮೇಲೆ ಗೋಡೆಯ ಅಳತೆಯೇ ತಪ್ಪೆಂದು ತಿಳಿಯಿತು. ಮೊದಲಿನಿಂದ ಮತ್ತೊಂದು ಚಿತ್ರವನ್ನೇ ಮಾಡಬೇಕಾಯಿತು. 1933ರಲ್ಲಿ ಚಿತ್ರ ಗೋಡೆಗೇರಿತು. ಅದು ತೈಲವರ್ಣದ ಚಿತ್ರ. ಕಾಗದದ ತುಂಡು ಅದರಲ್ಲಿ ಒಂದೂ ಇಲ್ಲ. ಕಟ್ಟಡ ಮುಗಿದೊಡನೆ ಸಾರುವೆ ಬಿಚ್ಚುವಂತೆ ಅವನು ಕಾಗದಗಳನ್ನು ಬಿಚ್ಚಿ ಹಾಕಿದ್ದನು.

ಅಂದಿನಿಂದ ವಿನ್ಯಾಸದ ಕೆಲಸ ಬಂದಾಗಲೆಲ್ಲ ಅವನು ಕತ್ತರಿಯನ್ನು ಕರೆದನು. ಬ್ಯಾಲೆ ಎಂಬ ಯುರೋಪಿನ ನೃತ್ಯನಾಟಕಕ್ಕೆ ರಂಗಸಜ್ಜು, ವೇಷಭೂಷಣಗಳನ್ನು ರೂಪಿಸುವುದು ಅವನಿಗೆ ಹೊಸದಲ್ಲ. 1920ರಲ್ಲಿಯೇ ದಿಯಾಗಿಲೆವನ ತಂಡಕ್ಕಾಗಿ ನೈಟಿಂಗೇಲ್ ಹಕ್ಕಿಯ ಕಥೆಯೊಂದಕ್ಕೆ ಆ ಕೆಲಸ ಮಾಡಿದ್ದನು. 1939ರಲ್ಲಿ ಮಾಂಟೆ ಕಾರ್ಲೋದಲ್ಲಿ ಮಾಸೀನ್ ಆಡಿಸಿದ ಕೆಂಪು ಮತ್ತು ಕಪ್ಪು ಎಂಬ ಬ್ಯಾಲೆಗೆ ಕತ್ತರಿಸಿದ ಕಾಗದದಿಂದಲೇ ನಮೂನೆಗಳನ್ನು ಹಾಕಿದನು. ತೇರಿಯಾದ್ ಎಂಬ ಪ್ರಕಾಶಕ ಹೊರಡಿಸುತ್ತಿದ್ದ ವರ್ವ್ ಪತ್ರಿಕೆಯ ಮುಖಪುಟವೂ ಹಾಗೆಯೇ ಹುಟ್ಟಿತು. ಚಿತ್ರ ಎಂದರೆ ಚಿತ್ರ, ವಿನ್ಯಾಸ ಎಂದರೆ ವಿನ್ಯಾಸ. ಎರಡಕ್ಕೂ ಎರಡು ಪಂಕ್ತಿ.

ಕಾವ್ಯಮೀಮಾಂಸೆಯ ಪಾಠ ಹೇಳುವವನಾದುದರಿಂದ ಇಲ್ಲಿ ನನಗೆ ನಮ್ಮ ಆಲಂಕಾರಿಕರ ನೆನಪಾಗದೆ ಇರದು. ಅಲಂಕಾರವೆನ್ನುವುದು ಕಾವ್ಯಶರೀರಕ್ಕೆ ಮೇಲಿನಿಂದ ತೊಡಿಸಿದ ಒಡವೆಯೋ, ಒಳಗಿನ ಕಾಂತಿಯೋ ಎಂದು ಅವರು ಶತಮಾನಗಟ್ಟಲೆ ಚರ್ಚೆ ಮಾಡಿದರು. ರಸದಲ್ಲಿ ಮುಳುಗಿರುವ ಕವಿಗೆ ಬೇರೊಂದು ಪ್ರಯತ್ನವಿಲ್ಲದೆ ತಾನಾಗಿ ಒದಗಿಬರುವ ಅಲಂಕಾರವೇ ಧ್ವನಿಕಾವ್ಯಕ್ಕೆ ಸಲ್ಲುವುದೆಂದು ಆನಂದವರ್ಧನನ ಮತ. ಯುರೋಪಿನ ಚಿತ್ರಕಲೆಯಲ್ಲಿಯೂ ಇದೇ ಜಗಳ ಬೇರೆ ಮಾತಿನಲ್ಲಿ ನಡೆದಿತ್ತು. ಒಂದು ಚಿತ್ರವನ್ನು ಅಲಂಕರಣ ಎಂದು ಕರೆದರೆ ಅದು ಅರ್ಧ ಬೈಗುಳ. ಗೋಡೆಗೆ ಒಪ್ಪುವಂತಿದೆ, ಮನಸ್ಸಿಗೆ ತಾಕುವಂತಿಲ್ಲ ಎಂದು ಅದರ ಇಂಗಿತ. ಮಾತೀಸನ ಮೇಲೆ ಈ ಮಾತನ್ನು ಜೀವಮಾನವೆಲ್ಲ ಹೇರಲಾಯಿತು. ಅಲಂಕರಣ ಕಲಾಕೃತಿಗೆ ಅತ್ಯಂತ ಬೆಲೆಯುಳ್ಳ ಗುಣ, ಬಿಡಲಾಗದ ಗುಣ ಎಂದು ಅವನು ಮುಪ್ಪಿನಲ್ಲಿ ನಾಚದೆ ಹೇಳಿದನು.

ಆದರೆ ಹೇಳುವುದು ಬೇರೆ, ಮಾಡಿ ತೋರಿಸುವುದು ಬೇರೆ. ಅದಕ್ಕೆ ದಾರಿಯಾದುದು 1941.

ಅದಕ್ಕೂ ಹಿಂದಿನ ಎರಡು ವರ್ಷ ಅವನಿಗೆ ಎಲ್ಲ ಕಡೆಯಿಂದಲೂ ಕೆಟ್ಟವು. ನಲವತ್ತು ವರ್ಷ ಜೊತೆಗಿದ್ದ ಹೆಂಡತಿ 1939ರಲ್ಲಿ ಬೇರೆಯಾದಳು. ಲಿಡಿಯಾ ದೆಲೆಕ್ತೋರ್ಸ್ಕಾಯಾ ಎಂಬ ರಷ್ಯದ ತರುಣಿ ಅವನ ಕಾರ್ಯದರ್ಶಿಯಾಗಿ, ರೂಪದರ್ಶಿಯಾಗಿ, ಮನೆವಾರ್ತೆ ನೋಡುವವಳಾಗಿ ಇದ್ದುದೇ ಇದಕ್ಕೆ ಕಾರಣ. ಆ ಪ್ರಕರಣದಲ್ಲಿ ನ್ಯಾಯ ಯಾರ ಕಡೆ ಎಂದು ತೂಗುವುದು ನನ್ನ ಕೆಲಸವಲ್ಲ. ಲಿಡಿಯಾಳಿಲ್ಲದೆ ಮುಂದಿನ ಹದಿಮೂರು ವರ್ಷಗಳ ಕೆಲಸ ನಡೆಯುತ್ತಿರಲಿಲ್ಲ ಎಂಬುದೂ, ಅದರ ಬೆಲೆಯನ್ನು ಅಮೇಲಿ ತೆತ್ತಳು ಎಂಬುದೂ ಎರಡೂ ನಿಜ. ಅಷ್ಟರಲ್ಲಿ ಯುದ್ಧ ಹೊತ್ತಿಕೊಂಡಿತು. 1940ರಲ್ಲಿ ಬ್ರೆಜಿಲಿಗೆ ಹೋಗಲು ಅವನ ಕೈಯಲ್ಲಿ ರಹದಾರಿ ಇತ್ತು. ದೇಶ ಸೋಲುತ್ತಿರುವಾಗ ಬೆಲೆಯುಳ್ಳವರೆಲ್ಲ ಎದ್ದುಹೋದರೆ ಫ್ರಾನ್ಸಿನಲ್ಲಿ ಉಳಿಯುವುದೇನು ಎಂದು ಯೋಚಿಸಿ ಹೋಗದೆ ನಿಂತನು.

ಹೊಟ್ಟೆನೋವು ಬಹುದಿನಗಳಿಂದ ಕಾಡುತ್ತಿತ್ತು. 1941ರ ಜನವರಿಯಲ್ಲಿ, ಎಪ್ಪತ್ತೊಂದು ತುಂಬಿದ ಎರಡೇ ವಾರಗಳಲ್ಲಿ, ಲಿಯೋನ್ ನಗರದಲ್ಲಿ ಅವನಿಗೆ ಕರುಳಿನ ಕ್ಯಾನ್ಸರಿಗಾಗಿ ಶಸ್ತ್ರಚಿಕಿತ್ಸೆಯಾಯಿತು. ಮಗಳು ಮಾರ್ಗರೀತ್ ಓಡಾಡಿ ವೈದ್ಯರನ್ನು ಗೊತ್ತುಮಾಡಿದ್ದಳು. ಚಿಕಿತ್ಸೆಯೇನೋ ಆಯಿತು, ಅದರ ಹಿಂದೆಯೇ ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಸಿಕ್ಕಿಕೊಂಡು ಪ್ರಾಣ ಹೋಗುವಂತಾಯಿತು. ಬದುಕುತ್ತಾನೆಂದು ಯಾರೂ ನಂಬಿರಲಿಲ್ಲ. ಉಪಚಾರ ಮಾಡಿದ ಕ್ರೈಸ್ತ ಸಂನ್ಯಾಸಿನಿಯರು ಸತ್ತು ಎದ್ದುಬಂದವನೆಂದೇ ಅವನಿಗೆ ಅಡ್ಡಹೆಸರಿಟ್ಟರು. ಹಿಡಿದ ಕೆಲಸವನ್ನು ಮುಗಿಸಲು ಮೂರು ನಾಲ್ಕು ವರ್ಷ ಕೊಡಿ ಎಂದು ಅವನು ವೈದ್ಯರನ್ನು ಕೇಳಿಕೊಂಡನು. ಸಿಕ್ಕಿದ್ದು ಹದಿಮೂರು ವರ್ಷ ಹತ್ತು ತಿಂಗಳು.

ಹೊಟ್ಟೆಯ ಸ್ನಾಯುಗಳು ಮತ್ತೆ ಬಿಗಿದುಕೊಳ್ಳಲಿಲ್ಲ. ಬಹಳ ಹೊತ್ತು ನಿಲ್ಲುವಂತಿಲ್ಲ. ಹಾಸಿಗೆ ಅಥವಾ ಗಾಲಿಕುರ್ಚಿ. ಆದರೆ ನೀಸಿಗೆ ಹಿಂದಿರುಗಿದ ಅವನು ಮೊದಲು ಎತ್ತಿಕೊಂಡದ್ದು ಕತ್ತರಿಯನ್ನಲ್ಲ, ಲೇಖನಿ ಮತ್ತು ಇದ್ದಿಲನ್ನು. 1941, 1942ರಲ್ಲಿ ರೇಖಾಚಿತ್ರಗಳ ದೊಡ್ಡ ಸರಣಿಯೊಂದನ್ನು ಬರೆದನು. 158 ಚಿತ್ರಗಳು 1943ರಲ್ಲಿ ಪುಸ್ತಕವಾದವು. ಒಂದೇ ಮುಖವನ್ನು ಮೊದಲು ಇದ್ದಿಲಿನಿಂದ ತಿದ್ದಿ ತೀಡಿ ಬರೆದು, ಆಮೇಲೆ ಅದನ್ನೇ ಕೈಯೆತ್ತದ ಒಂದು ಗೆರೆಯಲ್ಲಿ ಹತ್ತು ಸಾರಿ ಬರೆಯುವುದು. ಸಂಗೀತಗಾರ ರಾಗವನ್ನು ವಿಸ್ತರಿಸಿದಂತೆ. ತೈಲಚಿತ್ರಗಳೂ ನಿಲ್ಲಲಿಲ್ಲ. 1946ರಿಂದ 1948ರವರೆಗೆ ಬರೆದ ಒಳಾಂಗಣ ಚಿತ್ರಗಳು, ಅದರಲ್ಲಿಯೂ 1948ರ ಕೆಂಪು ಒಳಾಂಗಣ, ಅವನ ಅತ್ಯುತ್ತಮ ಚಿತ್ರಗಳ ಸಾಲಿಗೆ ಸೇರುತ್ತವೆ. ಕೈಲಾಗದೆ ಕತ್ತರಿ ಹಿಡಿದನೆಂಬ ಕಥೆಯನ್ನು ನಾನು ಪೂರ್ತಿ ಒಪ್ಪದಿರಲು ಇದೇ ಆಧಾರ. ಕೈಲಾಗುತ್ತಿತ್ತು, ಅದರ ಜೊತೆಗೇ ಕತ್ತರಿಯೂ ಬೇಕಾಯಿತು.

ಏಕೆ ಬೇಕಾಯಿತು? ಗೆರೆಗೂ ಬಣ್ಣಕ್ಕೂ ಅವನಲ್ಲಿ ಹಳೆಯ ಹಗೆ. ಗೆರೆ ಎಳೆಯುವಾಗ ಕೈ ಹಗುರ, ಬಣ್ಣ ತುಂಬುವಾಗ ಗೆರೆ ಜಡ. ಮೊದಲು ರೂಪ ಬರೆದು ಆಮೇಲೆ ಬಣ್ಣ ಹಾಕಿದರೆ ಒಂದು ಇನ್ನೊಂದನ್ನು ಕೊಲ್ಲುತ್ತಿತ್ತು. ಕತ್ತರಿಯಲ್ಲಿ ಆ ಜಗಳವೇ ಇಲ್ಲ. ಕಾಗದ ಮೊದಲೇ ಬಣ್ಣವಾಗಿದೆ. ಕತ್ತರಿ ನಡೆದ ದಾರಿಯೇ ಗೆರೆ. ಶಿಲ್ಪಿ ಕಲ್ಲನ್ನು ನೇರವಾಗಿ ಕಡೆಯುವಂತೆ ಬಣ್ಣವನ್ನೇ ಕಡೆದಂತಾಗುತ್ತದೆ ಎಂದು ಅವನೇ ಹೋಲಿಕೆ ಕೊಟ್ಟನು. ಸಹಾಯಕಿಯರು ಬಿಳಿಯ ಹಾಳೆಗಳಿಗೆ ಗ್ವಾಶ್ ಎಂಬ, ನೀರಿನಲ್ಲಿ ಕಲಸುವ ದಟ್ಟವಾದ ಬಣ್ಣವನ್ನು ಹಚ್ಚಿ ಒಣಗಿಸಿ ಇಡುವರು. ಅವನು ದೊಡ್ಡ ಕತ್ತರಿಯನ್ನು ಅಗಲವಾಗಿ ತೆರೆದು, ಪೆನ್ಸಿಲಿನ ಗುರುತಿಲ್ಲದೆ, ಕಾಗದವನ್ನೇ ತಿರುಗಿಸುತ್ತ ಕತ್ತರಿಸುವನು. ಎಲೆಯೋ ಪಾಚಿಯೋ ಹಕ್ಕಿಯೋ ಕೆಳಗೆ ಬೀಳುವುದು. ಕತ್ತರಿಸಿ ಉಳಿದ ಹೊರಗಿನ ತುಂಡನ್ನೂ ಎಸೆಯುತ್ತಿರಲಿಲ್ಲ. ಅದೂ ಇನ್ನೊಂದು ಆಕೃತಿಯೇ. ಲಿಡಿಯಾ ಸುತ್ತಿಗೆ, ಗುಂಡುಸೂಜಿ ಹಿಡಿದು ಗೋಡೆಯ ಮೇಲೆ ಅವನು ತೋರಿಸಿದ ಕಡೆ ಚುಚ್ಚುವಳು. ಒಂದು ಬೆರಳು ಮೇಲೆ, ಎರಡು ಬೆರಳು ಬಲಕ್ಕೆ. ಹೀಗೆ ದಿನಗಟ್ಟಲೆ.

ಮೊದಲ ದೊಡ್ಡ ಫಲ ಜಾಸ್ ಎಂಬ ಪುಸ್ತಕ. ಪ್ರಕಾಶಕ ತೇರಿಯಾದನೇ ಕೇಳಿ ಮಾಡಿಸಿದ್ದು. 1943ರಲ್ಲಿ ನೀಸಿಗೆ ಬಾಂಬಿನ ಭಯ ಬಂದು, ಮಾತೀಸನು ಒಳನಾಡಿನ ವಾನ್ಸ್ ಎಂಬ ಬೆಟ್ಟದೂರಿಗೆ ಸರಿದನು. 1943, 1944ರಲ್ಲಿ ಇಪ್ಪತ್ತು ಹಾಳೆಗಳು ಸಿದ್ಧವಾದವು. ಸರ್ಕಸ್ಸಿನ ಆಟಗಾರರು, ಕುದುರೆ, ಕತ್ತಿ ನುಂಗುವವನು. ನಡುವೆ ಇಕಾರಸ್: ನೀಲಿಯ ಆಕಾಶದಲ್ಲಿ ಕಪ್ಪಗೆ ತೇಲುವ, ಅಥವಾ ಬೀಳುವ, ಒಂದು ದೇಹ; ಸುತ್ತಲೂ ಹಳದಿಯ ಸಿಡಿತಗಳು; ಎದೆಯಲ್ಲಿ ಒಂದು ಕೆಂಪು ಚುಕ್ಕೆ. ಆ ಸಿಡಿತಗಳು ನಕ್ಷತ್ರಗಳೋ ಸಿಡಿಗುಂಡುಗಳೋ ಎಂದು ನೋಡುವವರು ಇಂದಿಗೂ ಕೇಳುತ್ತಾರೆ. ಯುದ್ಧದ ಮಧ್ಯೆ ಸರ್ಕಸ್ಸಿನ ಚಿತ್ರ ಮಾಡುತ್ತ ಕುಳಿತನೆಂದು ಅವನನ್ನು ಆಕ್ಷೇಪಿಸುವವರು ಆ ಹಾಳೆಯನ್ನು ಸರಿಯಾಗಿ ನೋಡಿಲ್ಲ.

ಯುದ್ಧ ಅವನ ಮನೆಯನ್ನೇ ಹೊಕ್ಕಿತು. ಬೇರೆಯಾಗಿದ್ದ ಹೆಂಡತಿ ಮತ್ತು ಮಗಳು ಇಬ್ಬರೂ ಜರ್ಮನರ ವಿರುದ್ಧದ ಗುಪ್ತ ಹೋರಾಟದಲ್ಲಿ ಸೇರಿದ್ದರು. 1944ರ ವಸಂತದಲ್ಲಿ ಗೆಸ್ಟಾಪೊ ಅವರನ್ನು ಹಿಡಿಯಿತು. ಅಮೇಲಿ ಆರು ತಿಂಗಳು ಸೆರೆಯಲ್ಲಿದ್ದಳು. ಮಾರ್ಗರೀತಳಿಗೆ ಚಿತ್ರಹಿಂಸೆ ಕೊಟ್ಟು, ಜರ್ಮನಿಯ ರಾವೆನ್ಸ್‌ಬ್ರುಕ್ ಶಿಬಿರಕ್ಕೆ ಸಾಗುವ ರೈಲಿಗೆ ಹತ್ತಿಸಿದರು. ರೈಲು ಗಡಿಯ ಬಳಿ ತಡೆದು ನಿಂತುದರಿಂದ ಆಕೆ ಪಾರಾದಳು. ತಂದೆಗೆ ತಿಂಗಳುಗಟ್ಟಲೆ ಸುದ್ದಿಯೇ ಇರಲಿಲ್ಲ. 1945ರಲ್ಲಿ ಮಗಳು ವಾನ್ಸಿಗೆ ಬಂದು ಎದುರು ಕುಳಿತು ನಡೆದುದನ್ನೆಲ್ಲ ಹೇಳಿದಳು; ಅವನು ಕೇಳಿದನು; ಅವಳ ಮುಖವನ್ನು ಬರೆದನು. ತನ್ನ ಜೀವ ಉಳಿಸಲು ಓಡಾಡಿದವಳು ಅವಳೇ ಎಂಬುದನ್ನು ಅವನು ಮರೆತಿರಲಾರ.

ಜಾಸ್ 1947ರಲ್ಲಿ ಹೊರಬಂದಿತು. ಕೊರೆದ ಅಚ್ಚುಗಳ ಮೂಲಕ ಮಾತೀಸನು ಬಳಸಿದ ಬಣ್ಣಗಳನ್ನೇ ಕೈಯಿಂದ ಹಚ್ಚಿ ತಯಾರಿಸಿದ ಪುಸ್ತಕ. ನಡುನಡುವೆ ಅವನದೇ ಕೈಬರಹದ ದುಂಡು ಅಕ್ಷರಗಳು. ಲೋಕ ಮೆಚ್ಚಿತು. ಅವನಿಗೆ ಮಾತ್ರ ಬೇಸರವಾಯಿತು. ಗೋಡೆಯ ಮೇಲಿದ್ದಾಗ ಕಾಗದದ ಅಂಚು ಚೂರು ಎದ್ದು ನಿಲ್ಲುತ್ತಿತ್ತು, ಅದಕ್ಕೊಂದು ನೆರಳಿತ್ತು. ಅಚ್ಚಿನಲ್ಲಿ ಎಲ್ಲ ಸಪಾಟಾಯಿತು, ಜೀವ ಹೋಯಿತು ಎಂದು ಅವನ ಕೊರಗು. ನನ್ನ ದೃಷ್ಟಿಯಲ್ಲಿ ಅವನ ಬಾಳಿನ ತಿರುವು ಇದು. ಮುಖಪುಟಕ್ಕೆ, ರಂಗಸಜ್ಜಿಗೆ, ಪುಸ್ತಕಕ್ಕೆ ನಮೂನೆಯಾಗಿ ಕತ್ತರಿಸುತ್ತಿದ್ದ ಕಾಗದ ಈಗ ನಮೂನೆಯಲ್ಲ. ಅದೇ ಕೃತಿ, ಅಚ್ಚು ಅದರ ನೆರಳು. ವಿನ್ಯಾಸಗಾರನ ಮೇಜಿನಿಂದ ಅವನು ಚಿತ್ರಕಾರನ ಗೋಡೆಗೆ ಮರಳಿದನು. ಮರಳುವಾಗ ಆಳನ್ನೂ ಕೈಹಿಡಿದು ಕರೆತಂದನು.

1946ರಲ್ಲಿ ಪ್ಯಾರಿಸಿನ ಮನೆಯಲ್ಲಿ ಒಂದು ಸಣ್ಣ ಸಂಗತಿ ನಡೆಯಿತು. ಗೋಡೆಯ ಮೇಲೆ ಒಂದು ಕಲೆ ಇತ್ತು. ಕಣ್ಣಿಗೆ ಕಿರಿಕಿರಿಯೆಂದು ಬರೆಯುವ ಕಾಗದದಲ್ಲಿ ಒಂದು ಹಕ್ಕಿಯನ್ನು ಕತ್ತರಿಸಿ ಅದರ ಮೇಲೆ ಚುಚ್ಚಿಸಿದನು. ಹಕ್ಕಿಗೆ ಜೊತೆ ಬೇಕಾಯಿತು. ಮೀನು, ಹವಳ, ಪಾಚಿ ಒಂದೊಂದಾಗಿ ಬಂದವು. ಹದಿನಾರು ವರ್ಷ ಹಿಂದೆ, 1930ರಲ್ಲಿ, ಅವನು ತಾಹಿತಿ ದ್ವೀಪಕ್ಕೆ ಹೋಗಿದ್ದನು. ಅಲ್ಲಿಂದ ಹೆಚ್ಚೇನೂ ಚಿತ್ರ ತಂದಿರಲಿಲ್ಲ. ಆ ಕಡಲು, ಆ ಆಕಾಶ ಈಗ ನಿದ್ರೆ ಬಾರದ ರಾತ್ರಿಗಳಲ್ಲಿ ಮೇಲೆದ್ದು ಬಂದು ಎರಡು ಗೋಡೆಗಳನ್ನು ತುಂಬಿದವು. ಓಶಿಯಾನಿಯ ಎಂಬ ಆ ಎರಡು ಕೃತಿಗಳನ್ನು ಲಂಡನ್ನಿನ ಆಶರ್ ಎಂಬಾತ ನಾರುಬಟ್ಟೆಯ ಮೇಲೆ ಅಚ್ಚು ಹಾಕಿಸಿದನು. ನೇಕಾರರ ಊರಿನ ಹುಡುಗನಿಗೆ ಇದರಿಂದ ಸಂತೋಷವಾಗಿರಬೇಕು.

ವಾನ್ಸಿನ ಪ್ರಾರ್ಥನಾಮಂದಿರದ ವಿಷಯ ಬಹಳ ಜನ ಬರೆದಿದ್ದಾರೆ. 1942ರಲ್ಲಿ ಅವನಿಗೆ ರಾತ್ರಿ ಉಪಚಾರ ಮಾಡಿದ ಮೋನಿಕ್ ಬೂರ್ಜ್ವಾ ಎಂಬ ತರುಣಿ ಮುಂದೆ ಡೊಮಿನಿಕನ್ ಸಂನ್ಯಾಸಿನಿಯಾಗಿ, ಸಿಸ್ಟರ್ ಜಾಕ್-ಮಾರಿ ಎಂಬ ಹೆಸರಿನಲ್ಲಿ ವಾನ್ಸಿಗೇ ಬಂದಳು. ಅಲ್ಲಿನ ಮಠಕ್ಕೆ ಒಂದು ಮಂದಿರ ಬೇಕಾಗಿದೆಯೆಂದು 1947ರಲ್ಲಿ ಆಕೆ ಹೇಳಿದ್ದರಿಂದ ಆರಂಭವಾದ ಕೆಲಸ ಅವನ ನಾಲ್ಕು ವರ್ಷಗಳನ್ನು ನುಂಗಿತು. ಚಿಕ್ಕ ಕಟ್ಟಡ, ಉದ್ದ ಸುಮಾರು 50 ಅಡಿ, ಅಗಲ 20 ಅಡಿ. ಕಿಟಕಿಯ ಗಾಜು, ಗೋಡೆಯ ಮೇಲಿನ ಚಿತ್ರ, ಪೀಠದ ಮೇಲಿನ ಶಿಲುಬೆ, ಕಡೆಗೆ ಪೂಜೆಯ ವೇಳೆಯಲ್ಲಿ ಪಾದ್ರಿ ಧರಿಸುವ ಮೇಲಂಗಿಯವರೆಗೆ ಎಲ್ಲದರ ರೂಪವನ್ನೂ ಅವನೇ ನಿಶ್ಚಯಿಸಿದನು. ಒಂದು ಕಡೆ ಹಳದಿ, ಹಸಿರು, ನೀಲಿ ಮೂರೇ ಬಣ್ಣಗಳ ಗಾಜು. ಎದುರು ಕಡೆ ಬಿಳಿಯ ಪಿಂಗಾಣಿ ಬಿಲ್ಲೆಗಳ ಮೇಲೆ ಕಪ್ಪು ಗೆರೆಯಲ್ಲಿ ಸಂತ ಡೊಮಿನಿಕ್, ಮಾತೆ ಮತ್ತು ಮಗು, ಕ್ರಿಸ್ತನ ಯಾತನೆಯ ಹದಿನಾಲ್ಕು ಘಟ್ಟಗಳು. ಸೂರ್ಯ ಬಂದಾಗ ಗಾಜಿನ ಬಣ್ಣ ಬಿಳಿಯ ನೆಲದ ಮೇಲೂ ಬಿಲ್ಲೆಗಳ ಮೇಲೂ ಹರಿಯುತ್ತದೆ. ಕಿಟಕಿಯ ನಮೂನೆಗಳನ್ನು ಮಾಡಿದ್ದು ಕತ್ತರಿಯಿಂದ; ಎರಡನ್ನು ಬದಿಗಿಟ್ಟು ಮೂರನೆಯದನ್ನು ಒಪ್ಪಿದನು. ಗೋಡೆಯ ಚಿತ್ರಗಳಿಗೆ ಉದ್ದನೆಯ ಬಿದಿರಿನ ಕೋಲಿನ ತುದಿಗೆ ಇದ್ದಿಲು ಕಟ್ಟಿ ದೂರದಿಂದ ಬರೆದು ಅಭ್ಯಾಸ ಮಾಡಿದನು. ಮಲಗುವ ಕೋಣೆಯ ಚಾವಣಿಯ ಮೇಲೆ ಮೊಮ್ಮಕ್ಕಳ ಮುಖಗಳನ್ನು ಬರೆದದ್ದೂ ಇದೇ ಕೋಲಿನಿಂದಲೇ. ರಾತ್ರಿ ಎಚ್ಚರವಾದಾಗ ಮೇಲೆ ಅವರಿರುತ್ತಿದ್ದರು.

ದೈವಭಕ್ತನಲ್ಲದವನು ಗುಡಿ ಕಟ್ಟುವುದೆಂದರೇನೆಂದು ಪಿಕಾಸೊ ಕೆರಳಿದನು. ಅದರ ಬದಲು ಒಂದು ಸಂತೆಕಟ್ಟೆ ಕಟ್ಟಿ ಹಣ್ಣು ತರಕಾರಿಗಳ ಬಣ್ಣ ಹಚ್ಚಬಾರದಿತ್ತೇ ಎಂದು ಕೇಳಿದನಂತೆ. ಹಣ್ಣಿಗಿಂತ ಹಸಿರಾದ ಹಸಿರು ತನ್ನಲ್ಲಿರುವಾಗ ಎಲ್ಲಿಯಾದರೇನು ಎಂಬ ಧಾಟಿಯಲ್ಲಿ ಮಾತೀಸನು ಉತ್ತರ ಕೊಟ್ಟನಂತೆ. ಇಬ್ಬರೂ ಮುದುಕರು, ಇಬ್ಬರೂ ಪರಸ್ಪರರನ್ನು ಬಿಟ್ಟು ಬೇರೆ ಯಾರಿಗೂ ಅಂಜದವರು. 1951ರ ಜೂನ್ 25ರಂದು ಮಂದಿರದ ಪ್ರತಿಷ್ಠೆಯಾಯಿತು. ಅನಾರೋಗ್ಯದಿಂದ ಮಾತೀಸನು ಹೋಗಲಾಗಲಿಲ್ಲ. ಕುಂದುಕೊರತೆಗಳಿದ್ದರೂ ತನ್ನ ಶ್ರೇಷ್ಠ ಕೃತಿ ಅದೇ ಎಂದು ಅವನು ತಿಳಿದಿದ್ದನು. ನಾನು ಹಾಗೆ ತಿಳಿಯುವುದಿಲ್ಲ. ಅಲ್ಲಿ ಇನ್ನೂ ಅಲಂಕರಣ ಒಂದು ಕಟ್ಟಡವನ್ನು ಆಶ್ರಯಿಸಿ ನಿಂತಿದೆ. ಅದಾದ ಮೇಲಿನ ಎರಡು ಮೂರು ವರ್ಷಗಳಲ್ಲಿ ಅದಕ್ಕೆ ಯಾವ ಆಶ್ರಯವೂ ಬೇಕಾಗಲಿಲ್ಲ.

1952 ಅವನ ಸುಗ್ಗಿಯ ವರ್ಷ. ಎಂಬತ್ತೆರಡರ ವಯಸ್ಸು. ನೀಲಿ ನಗ್ನೆಯರ ನಾಲ್ಕು ಕೃತಿಗಳು ಆ ವರ್ಷದವು. ಅವುಗಳಲ್ಲಿ ಒಂದಕ್ಕೆ ಎರಡು ವಾರ ಹಿಡಿಯಿತು. ರೇಖಾಭ್ಯಾಸದಿಂದ ಒಂದು ಪುಸ್ತಕವೇ ತುಂಬಿತು. ತುಂಡು ತುಂಡಾಗಿ ಕತ್ತರಿಸಿ, ಸೇರಿಸಿ, ಮತ್ತೆ ತೆಗೆದು ಮಾಡಿದುದು ಅದು. ಅದರ ಬೆನ್ನಿಗೇ ಉಳಿದವು ಕತ್ತರಿಯ ನಿರಾಯಾಸವಾದ ನಡೆಯಲ್ಲಿ ಇಳಿದುಬಂದವು. ಬೇರೆ ಪ್ರಯತ್ನವಿಲ್ಲದೆ ಒದಗಿಬರುವುದೆಂದರೆ ಪ್ರಯತ್ನವೇ ಇಲ್ಲದಿರುವುದಲ್ಲ ಎಂದು ನಮ್ಮ ವಿದ್ಯಾರ್ಥಿಗಳಿಗೆ ತಿಳಿಸಲು ಇದಕ್ಕಿಂತ ಉತ್ತಮ ನಿದರ್ಶನ ನನಗೆ ಸಿಕ್ಕಿಲ್ಲ. ಅದೇ ವರ್ಷದ ರಾಜನ ವ್ಯಥೆ ಎಂಬ ಕೃತಿಯಲ್ಲಿ ಕಪ್ಪು ಉಡುಪಿನ ಮುದುಕ ದೊರೆ ವಾದ್ಯ ಹಿಡಿದು ಕುಳಿತಿದ್ದಾನೆ, ಎದುರಿಗೆ ನರ್ತಕಿ, ಮೇಲೆಲ್ಲ ಹಾರುವ ಹಳದಿ ಎಲೆಗಳು. ಅದು ಅವನ ಸ್ವಂತ ಚಿತ್ರವೆಂದು ಹಲವರು ನಂಬುತ್ತಾರೆ. ಗಿಳಿ ಮತ್ತು ಮತ್ಸ್ಯಕನ್ಯೆ ಎಂಬುದು 25 ಅಡಿ ಅಗಲ. ಹೊರಗೆ ತಿರುಗಾಡಲಾರದವನು ಗೋಡೆಯ ಮೇಲೆ ಮಾಡಿಕೊಂಡ ತೋಟ ಅದು. ಆ ಬೇಸಗೆಯಲ್ಲಿ ಕಾನ್ ನಗರದ ಈಜುಕೊಳವೊಂದಕ್ಕೆ, ಧುಮುಕುವವರನ್ನು ನೋಡಲು ಹೋದನು. ಬಿಸಿಲು ತಡೆಯಲಾಗಲಿಲ್ಲ. ಮನೆಗೆ ಬಂದು, ನನ್ನ ಕೊಳವನ್ನು ನಾನೇ ಮಾಡಿಕೊಳ್ಳುತ್ತೇನೆಂದು, ಊಟದ ಕೋಣೆಯ ಗೋಡೆಗಳ ಸುತ್ತ ತಲೆಯ ಮಟ್ಟಕ್ಕಿಂತ ತುಸು ಮೇಲೆ ಬಿಳಿಯ ಕಾಗದದ ಪಟ್ಟಿಯನ್ನು ಹಚ್ಚಿಸಿದನು. ಅದರೊಳಗೆ ನೀಲಿಯ ಈಜುಗಾರರು ಧುಮುಕುತ್ತ, ಮಗುಚುತ್ತ, ಪಟ್ಟಿಯ ಅಂಚನ್ನು ಮೀರಿ ಚಿಮ್ಮುತ್ತ ಹೋದರು. ಕೆಲವು ಕಡೆ ನೀಲಿ ದೇಹ, ಬಿಳಿ ನೀರು. ಕೆಲವು ಕಡೆ ನೀಲಿ ನೀರು, ಬಿಳಿ ದೇಹ.

ಮುದುಕನ ಕಾಲಕ್ಷೇಪ ಎಂದು ಈ ಕೃತಿಗಳನ್ನು ತಳ್ಳಿಹಾಕಿದ ವಿಮರ್ಶಕರು ಆಗ ಇದ್ದರು. ಕೈ ನಡುಗುವ ವಯಸ್ಸಿನಲ್ಲಿ ಮಕ್ಕಳಾಟ ಎಂದುಕೊಂಡವರಿಗೆ 1953ರ ಬಸವನಹುಳು ಎಂಬ ಕೃತಿಯ ಎದುರು ನಿಲ್ಲಬೇಕೆಂದು ನಾನು ಹೇಳುತ್ತೇನೆ. ಒಂಬತ್ತು ಅಡಿಗೂ ಮಿಗಿಲಾದ ಚೌಕ. ಒರಟಾಗಿ ಕತ್ತರಿಸಿದ ಕೆಲವೇ ಬಣ್ಣದ ತುಂಡುಗಳು ಸುರುಳಿಯಾಗಿ ತಿರುಗುತ್ತವೆ. ಹುಳುವಿನ ಆಕಾರ ಅಲ್ಲಿಲ್ಲ, ಅದರ ಚಲನೆ ಇದೆ. ಎಂಬತ್ತಮೂರು ವರ್ಷದವನ ಕೈಯಲ್ಲಿ ಒಂದು ಚೂರೂ ತಪ್ಪಿಲ್ಲ.

1954ರಲ್ಲಿ ಅಮೆರಿಕದ ಪೊಕಾಂಟಿಕೊ ಹಿಲ್ಸ್ ಎಂಬಲ್ಲಿಯ ಚರ್ಚಿಗೆ ಒಂದು ದುಂಡು ಕಿಟಕಿಯ ನಮೂನೆಯನ್ನು ಕತ್ತರಿಸಿ ಮುಗಿಸಿದನು. ಅದೇ ಕೊನೆಯದು. ನವೆಂಬರ್ 3ರಂದು ನೀಸಿನಲ್ಲಿ ತೀರಿಕೊಂಡನು. ಎಂಬತ್ತೈದಕ್ಕೆ ಎರಡು ತಿಂಗಳು ಕಡಿಮೆ. ಸೆಮಿಯೆ ಗುಡ್ಡದ ಮೇಲೆ ಸಮಾಧಿಯಾಯಿತು.

ಅವನ ಗೋಡೆಗಳ ಮೇಲೆ ಸೂಜಿಯಿಂದ ಚುಚ್ಚಿದ್ದ ಕಾಗದಗಳನ್ನು ಹಾಳೆ, ಕ್ಯಾನ್ವಾಸುಗಳ ಮೇಲೆ ಅಂಟಿಸಿ ಲೋಕದ ಚಿತ್ರಶಾಲೆಗಳಿಗೆ ಸಾಗಿಸಿದರು. 1961ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದವರು ಅವನ ದೋಣಿ ಎಂಬ ಸಣ್ಣ ಕೃತಿಯನ್ನು ತಲೆಕೆಳಗಾಗಿ ತೂಗುಹಾಕಿದ್ದರು. ಒಂದು ಲಕ್ಷಕ್ಕೂ ಹೆಚ್ಚು ಮಂದಿ ನೋಡಿಕೊಂಡು ಹೋದರು. ನಲವತ್ತೇಳನೆಯ ದಿನ ಒಬ್ಬ ಮಹಿಳೆ ಗಮನಿಸಿ ಹೇಳಿದಳು. ಅದೇ ಸಂಗ್ರಹಾಲಯ 1975ರಲ್ಲಿ ಈಜುಕೊಳವನ್ನು ಕೊಂಡಿತು. ಹಿಂಬದಿಯ ಗೋಣಿಬಟ್ಟೆ ಕಂದಿ ಹಾಳಾಗುತ್ತ ಬಂದುದರಿಂದ ಅದನ್ನು ವರ್ಷಗಟ್ಟಲೆ ಕಣ್ಣಿಗೆ ಬೀಳದಂತೆ ಇಟ್ಟು, ಕಾಗದದ ಒಂದೊಂದು ತುಂಡನ್ನೂ ಬಿಡಿಸಿ ಸರಿಪಡಿಸಿದರು. 2014ರಲ್ಲಿ ಅವನ ಕತ್ತರಿಯ ಕೃತಿಗಳನ್ನೆಲ್ಲ ಲಂಡನ್ನಿನಲ್ಲಿ ಒಟ್ಟುಗೂಡಿಸಿದಾಗ ಐದೂವರೆ ಲಕ್ಷಕ್ಕೂ ಹೆಚ್ಚು ಜನ ಬಂದು ನೋಡಿದರು. ಪ್ರದರ್ಶನ ಅಲ್ಲಿಂದ ನ್ಯೂಯಾರ್ಕಿಗೆ ಹೋಯಿತು. ಅಲ್ಲಿ ಈಜುಕೊಳ, ನೀಸಿನ ಊಟದ ಕೋಣೆಯ ಅಳತೆಗೆ ಕಟ್ಟಿದ ಒಂದು ಕೋಣೆಯಲ್ಲಿ, ನೋಡುವವರ ತಲೆಗಿಂತ ತುಸು ಮೇಲೆ, ಮತ್ತೆ ಗೋಡೆಯನ್ನು ಸುತ್ತಿ ನಿಂತಿತು.